ಮಾವನವರ ತೂಕ

"ಮಾವ, ನಿಮ್ಮ ತೂಕ ಎಷ್ಟು?" ಎಂದು ಸೊಸೆ ಕೇಳಿದ್ದು ಬೆಳಗಿನ ಕಾಫಿ ಕೊಡುವ ಹೊತ್ತಿನಲ್ಲಿ. ಅದೇ ತಪ್ಪಾಯಿತು.

ಮಾವನವರು ಲೋಟವನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲಿಗೇ ನಿಲ್ಲಿಸಿದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಬಚ್ಚಲುಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಗಂಡ ಮೆಲ್ಲಗೆ ಒಳಗಿನಿಂದ ಚಿಲಕ ಹಾಕಿಕೊಂಡ.

"ಯಾಕಮ್ಮ, ನಾನು ಜಾಸ್ತಿ ತಿಂತಿದ್ದೀನಾ?"

"ಅದಲ್ಲ ಮಾವ. ಇವತ್ತು ವಿಮಾನದಲ್ಲಿ ನನ್ನ ಜೊತೆ ಬರ್ತೀನಿ ಅಂದ್ರಲ್ಲ, ಅದಕ್ಕೆ. ಪೆಟ್ರೋಲು, ಸಾಮಾನು, ಜನ ಎಲ್ಲಾ ಸೇರಿಸಿ ಲೆಕ್ಕ ಹಾಕಬೇಕು."

"ಕೇಳಿಸ್ಕೊಂಡ್ಯೇನೇ?" ಎಂದು ಮಾವ ಅಡುಗೆಮನೆಯ ಕಡೆ ತಿರುಗಿದರು. "ಆಯುಷ್ಯವೆಲ್ಲ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೆ. ಕುರಿ, ಸೈಕಲ್ಲು, ಇಡೀ ಮದುವೆ ದಿಬ್ಬಣ, ಎಲ್ಲಾ ಹತ್ತಿಸಿದ್ದೀನಿ. ಒಬ್ಬನ ತೂಕ ಕೇಳಿದವನಲ್ಲ."

"ಬಸ್ಸು ನೆಲದ ಮೇಲೆ ಹೋಗುತ್ತೆ ಮಾವ."

"ನಮ್ಮ ರೂಟಲ್ಲಿ ಕೆಲವು ಕಡೆ ನೆಲವೂ ಇರ್ಲಿಲ್ಲ."

ಸೊಸೆ ಕಾರು ಕಲಿಸುವ ಶಾಲೆಯೊಂದರಲ್ಲಿ ಮೇಷ್ಟ್ರು. ಅವಳ ಶಿಷ್ಯರು ಗೇಟಿಗೆ, ಚರಂಡಿಗೆ, ಒಮ್ಮೆ ಕ್ಷೌರದ ಅಂಗಡಿಯ ಒಳಕ್ಕೇ ಕಾರು ನುಗ್ಗಿಸಿದ್ದರು. ಪಕ್ಕದ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಇಷ್ಟು ವರ್ಷ ಕೂತವಳಿಗೆ ಇನ್ನು ಹೆದರಿಕೆ ಎಂಬುದು ಉಳಿದಿರಲಿಲ್ಲ. ಹಾಗಾಗಿ ಪೈಲಟ್ ಆಗುವುದೆಂದು ತೀರ್ಮಾನಿಸಿದ್ದಳು. ಸ್ವಂತಕ್ಕೆ ಹಾರಿಸುವ ಲೈಸೆನ್ಸ್ ಕೈಗೆ ಬಂದಿತ್ತು. ಸಂಬಳಕ್ಕೆ ಹಾರಿಸುವ ಲೈಸೆನ್ಸ್ ಬೇಕೆಂದರೆ ಇನ್ನೂ ನೂರಾರು ಗಂಟೆ ಆಕಾಶದಲ್ಲಿ ಕಳೆಯಬೇಕು. ಹಾರಾಟ ಕಲಿಸುವ ಕ್ಲಬ್ಬಿನ ವಿಮಾನಗಳಿಗೆ ನಲ್ಲಿ ನೀರಿನ ಹಾಗೆ ಸರದಿ. ಕಾದು ಕಾದು ಬೇಸತ್ತು, ತಾಯಿ ಕೊಟ್ಟಿದ್ದ ಸೈಟು ಮಾರಿ, ಯಾರಿಗೂ ಬೇಡವಾಗಿದ್ದ ಹಳೇ ವಿಮಾನವೊಂದನ್ನು ಕೊಂಡುಬಿಟ್ಟಿದ್ದಳು. ಒಂದು ಎಂಜಿನ್ನು, ಎರಡು ಸೀಟು. ನೂರು ಸಲ ಒಗೆದ ಟವೆಲ್ಲಿನ ಬಣ್ಣ. ಚಾಲು ಮಾಡಿದರೆ ಮೊದಲು ಮುದುಕರಂತೆ ಗಂಟಲು ಸರಿಮಾಡಿಕೊಂಡು, ಆಮೇಲೆ ಮಾತಾಡುತ್ತಿತ್ತು. ಅಂದಿನಿಂದ ಬೀದಿಯವರು ಅವಳನ್ನು ಕಂಡರೆ "ಊಟ ಆಯ್ತಾ" ಎನ್ನುವುದು ಬಿಟ್ಟು "ಹಾರಾಟ ಆಯ್ತಾ" ಎನ್ನುತ್ತಿದ್ದರು.

ಈ ದಿನದ ಹಾರಾಟ ಮಾಮೂಲಿನದಲ್ಲ. ಕೊಲ್ಲಿಯ ಆಚೆ ದಡದ ಊರಿನಲ್ಲಿ, ದ್ವೀಪಗಳಿಗೆ ಸಣ್ಣ ವಿಮಾನ ಓಡಿಸುವ ಕಂಪನಿಯಿತ್ತು. ಅದರ ಯಜಮಾನರು ಟ್ರೈನಿ ಪೈಲಟ್ ಒಬ್ಬರನ್ನು ತೆಗೆದುಕೊಂಡು, ಮಿಕ್ಕ ಗಂಟೆಗಳನ್ನು ತಮ್ಮ ಖರ್ಚಿನಲ್ಲೇ ತುಂಬಿಸಿಕೊಡುವವರಿದ್ದರು. ಇರುವುದು ಒಂದೇ ಜಾಗ. ಹನ್ನೊಂದಕ್ಕೆ ಬನ್ನಿ ಎಂದಿದ್ದರು. ಈ ಕೆಲಸ ತಪ್ಪಿದರೆ ಹಳೇ ಎಂಜಿನ್ನಿಗೆ ಪೆಟ್ರೋಲು ಕುಡಿಸುವಷ್ಟರಲ್ಲಿ ಅವಳ ಕೂದಲು ಹಣ್ಣಾಗುತ್ತಿತ್ತು.

ಆ ಊರಿನ ಹೆಸರು ಮಾವನ ಕಿವಿಗೆ ಬಿದ್ದದ್ದೇ ಅವರ ತಂಗಿಯ ನೆನಪಾಯಿತು. ರಸ್ತೆಯಲ್ಲಿ ಕೊಲ್ಲಿ ಸುತ್ತಿ ಹೋದರೆ ಇಡೀ ದಿನದ ದಾರಿ, ವಿಮಾನದಲ್ಲಿ ಅರ್ಧ ಗಂಟೆ. ಮಾವ ಹೊರಟೇ ನಿಂತರು.

ಎದುರು ಮನೆಯ ಕಾಂಪೌಂಡರಿಗೆ ತೂಕದ ವಿಷಯ ಹೇಗೆ ತಿಳಿಯಿತೋ, ಬಗಲಲ್ಲಿ ತೂಕದ ಯಂತ್ರ ಹಿಡಿದೇ ಬಂದರು. "ತಿಂಡಿಗೆ ಮುಂಚೆ ನೋಡಬೇಕು. ತಿಂದ ಮೇಲಿನದು ಲೆಕ್ಕಕ್ಕಿಲ್ಲ."

"ತಿಂದಾಗಿದೆ," ಎಂದರು ಮಾವ.

"ಹಾಗಾದ್ರೆ ನಾಳೆ ಹೋಗಿ."

"ಮದುವೆ ದಿನ ಐವತ್ತು ಕಿಲೋ ಇದ್ರು," ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. "ಆಮೇಲೆ ನಾನು ತೂಗಿಲ್ಲ."

ಅಷ್ಟು ಹೊತ್ತಿಗೆ ಕಾಂಪೌಂಡರು ಮಾವನನ್ನು ಮಾತಿನಲ್ಲಿ ಮರೆಸಿ ಯಂತ್ರದ ಮೇಲೆ ಹತ್ತಿಸಿದ್ದರು. ಮುಳ್ಳು ಗಿರ್ರನೆ ತಿರುಗಿ ಕೊನೆಯ ಅಂಕಿಗೆ ಹೋಗಿ ಕೂತಿತು. ಮಾವ ಇಳಿದರೂ ವಾಪಸು ಬರಲಿಲ್ಲ. ಕಾಂಪೌಂಡರು ಯಂತ್ರವನ್ನು ಎತ್ತಿ ಅಲ್ಲಾಡಿಸಿದರು. "ಮೂವತ್ತು ವರ್ಷ ರೋಗಿಗಳು ಹತ್ತಿಳಿದ ಯಂತ್ರ ಸಾರ್ ಇದು," ಎಂದು ಸತ್ತವರ ಮನೆಯಲ್ಲಿ ಆಡುವ ದನಿಯಲ್ಲಿ ಹೇಳಿ ಹೊರಟುಹೋದರು.

ಸೊಸೆ ಗಡಿಯಾರ ನೋಡಿಕೊಂಡಳು. ಕ್ಲಬ್ಬಿನಲ್ಲಿ ಸಾಮಾನು ತೂಗುವ ದೊಡ್ಡ ತಕ್ಕಡಿಯಿದೆ, ಅಲ್ಲೇ ನೋಡಿದರಾಯಿತೆಂದು ಮಾವನನ್ನು, ಅವರ ಚೀಲವನ್ನು ಕಾರಿಗೆ ಹಾಕಿದಳು. ಚೀಲ ಎತ್ತುವಾಗ ಸೊಂಟದಲ್ಲಿ ಏನೋ ಕಳಕ್ ಎಂದಿತು.

ಕ್ಲಬ್ಬಿನ ತಕ್ಕಡಿ ದಾಕ್ಷಿಣ್ಯದ್ದಲ್ಲ. ಮಾವ ಮತ್ತು ಚೀಲ ಸೇರಿ ಲೆಕ್ಕ ಮೀರಿದ್ದರು. ಮಾವ ಕೋಟು ಬಿಚ್ಚಿದರು. ಸಾಲದೆಂದಾಗ ಬೂಟು ಬಿಚ್ಚಿದರು. ಜೇಬಿನ ಬೀಗದ ಕೈ ಗೊಂಚಲು, ಕನ್ನಡಕದ ಡಬ್ಬಿ, ನಶ್ಯದ ಡಬ್ಬಿ ಬೆಂಚಿನ ಮೇಲೆ ಇಟ್ಟರು. ಉಸಿರು ಬಿಗಿಹಿಡಿದೂ ನೋಡಿದರು.

"ಚೀಲದಲ್ಲಿ ಏನಿದೆ ಮಾವ?"

"ಏನಿಲ್ಲ. ತಂಗಿಗೆ ಸಣ್ಣದೊಂದು ಉಡುಗೊರೆ."

ತೆಗೆದು ನೋಡಿದರೆ ಹೊಲಿಗೆ ಯಂತ್ರದ ತಲೆ. ಹಳೇ ಕಾಲದ ಅಚ್ಚ ಕಬ್ಬಿಣದ್ದು.

"ಇದು ಬರಲ್ಲ ಮಾವ."

"ಪೆಟ್ರೋಲು ಕಮ್ಮಿ ಹಾಕು."

"ಪೆಟ್ರೋಲು ಕಮ್ಮಿ ಹಾಕಿದ್ರೆ ನಾವೂ ಬರಲ್ಲ."

ಮಾವ ಬೂಟು ಹಾಕಿಕೊಂಡರು. ಯಂತ್ರದ ತಲೆಯನ್ನು ಕ್ಲಬ್ಬಿನ ಬೆಂಚಿನ ಮೇಲೆ ಮಲಗಿಸಿ, ಕೋಟು ಹೊದಿಸಿ, ಮುಖ ಗಂಟಿಕ್ಕಿಕೊಂಡು ವಿಮಾನದ ಕಡೆ ನಡೆದರು.

ಸೊಸೆ ವಿಮಾನದ ಸುತ್ತ ಬಂದಳು. ರೆಕ್ಕೆ ಅಲ್ಲಾಡಿಸಿ ನೋಡಿದಳು, ಎಂಜಿನ್ನಿನ ಎಣ್ಣೆ ನೋಡಿದಳು, ಟ್ಯಾಂಕಿನ ಅಡಿಯಿಂದ ಒಂದಿಷ್ಟು ಪೆಟ್ರೋಲನ್ನು ಪುಟ್ಟ ಗಾಜಿನ ಲೋಟಕ್ಕೆ ಹಿಡಿದು, ನೀರು ಸೇರಿದೆಯೋ ಎಂದು ಬೆಳಕಿಗೆ ಎತ್ತಿದಳು. ಮುನಿಸಿಕೊಂಡಿದ್ದ ಮಾವನಿಂದಲೂ ಸುಮ್ಮನಿರಲಾಗಲಿಲ್ಲ. "ಕುಡೀತೀಯೇನಮ್ಮ?" ಎಂದು ಕೇಳಿಯೇ ಬಿಟ್ಟರು.

ಎಂಜಿನ್ನು ಗಂಟಲು ಸರಿಮಾಡಿಕೊಂಡಿತು. ವಿಮಾನ ಓಡಿ, ಕುಪ್ಪಳಿಸಿ, ಗಾಳಿಗೆ ಏರಿತು. ಕೆಳಗೆ ಕೊಲ್ಲಿಯ ನೀರು ಹೊಳೆಯತೊಡಗಿದಾಗ ಮಾವನ ಮುನಿಸು ಅರ್ಧ ಇಳಿಯಿತು. ಆಸರೆಗೆ ಏನಾದರೂ ಬೇಕೆಂದು ತಮ್ಮ ಮುಂದಿದ್ದ ಹಿಡಿಯನ್ನು ಮೃದುವಾಗಿ ಹಿಡಿದುಕೊಂಡರು. ರೇಡಿಯೋದಲ್ಲಿ ಮಾತಾಡುವ ಗುಂಡಿ ಅದರ ಮೇಲೇ ಇತ್ತು. ಹೆಬ್ಬೆರಳು ಸರಿಯಾಗಿ ಅಲ್ಲೇ ಕೂತಿತು.

"ಹುಡುಗಿ ಒಳ್ಳೆಯವಳು," ಎಂದು ಮಾವ ತಮ್ಮಷ್ಟಕ್ಕೆ ತಾವೇ ಮಾತಾಡತೊಡಗಿದರು. "ಹಟ ಜಾಸ್ತಿ. ಅಡುಗೆ ಅಂತೂ ಸುತರಾಂ ಬರಲ್ಲ. ನನ್ನ ಮಗ ಪಾಪ, ಬೇಸಿದ್ದೇ ಸಾಕು ಅಂತ ತಿಂತಾನೆ. ಇವತ್ತು ಕೆಲಸ ಕೇಳೋಕೆ ಹೋಗ್ತಿದ್ದಾಳೆ. ರಾತ್ರಿಯೆಲ್ಲ ಕನ್ನಡಿ ಮುಂದೆ ನಿಂತ್ಕೊಂಡು ನಮಸ್ಕಾರ ಸಾರ್, ನಮಸ್ಕಾರ ಸಾರ್ ಅಂತಿದ್ಲು."

ಎಂಜಿನ್ನಿನ ಸದ್ದಿನಲ್ಲಿ ಸೊಸೆಗೆ ಇದೊಂದೂ ಕೇಳಿಸಲಿಲ್ಲ, ಅವಳು ದೂರದ ದಡದ ಕಡೆ ಕಣ್ಣು ನೆಟ್ಟಿದ್ದಳು. ರೇಡಿಯೋ ಇಷ್ಟೊಂದು ನಿಶ್ಶಬ್ದವಾಗಿದೆಯಲ್ಲ ಎಂದು ಅನುಮಾನ ಬಂದು ಪಕ್ಕಕ್ಕೆ ನೋಡುವ ಹೊತ್ತಿಗೆ ಕೊಲ್ಲಿ ದಾಟಿಯಾಗಿತ್ತು. ಮಾವನ ಹೆಬ್ಬೆರಳನ್ನು ಎತ್ತಿ ಅವರ ಮಡಿಲಲ್ಲಿಟ್ಟು, ಇಳಿಯಲು ಅನುಮತಿ ಕೇಳಿದಳು. ಟವರಿನ ಅಧಿಕಾರಿಯ ದನಿ ಗಂಭೀರವಾಗಿಯೇ ಬಂತು:

"ಅನುಮತಿ ಇದೆ, ಇಳಿಯಿರಿ. ಅಡುಗೆ ಬರದಿದ್ದರೂ ಅಡ್ಡಿಯಿಲ್ಲ."

ಅವಳ ಕಿವಿ ಕೆಂಪಾಯಿತು. ಕೈ ಮಾತ್ರ ಅಲುಗಲಿಲ್ಲ. ಪಕ್ಕದಿಂದ ಬೀಸುತ್ತಿದ್ದ ಗಾಳಿಗೆ ರೆಕ್ಕೆ ಬಗ್ಗಿಸಿ, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ವಿಮಾನವನ್ನು ನೆಲಕ್ಕೆ ಇಳಿಸಿದಳು.

"ಟ್ಯಾಕ್ಸಿ ಮಾಡಿಕೊಡ್ತೀನಿ ಮಾವ, ನಿಮ್ಮ ತಂಗಿ ಮನೆಗೆ ಹೋಗಿಬನ್ನಿ."

"ಬರಿಗೈಯಲ್ಲಿ ತಂಗಿ ಮನೆಗೆ ಹೋಗೋನಲ್ಲ ನಾನು. ನೀನು ನಿನ್ನ ಕೆಲಸ ನೋಡು. ಇಲ್ಲೇ ಎಲ್ಲಾದ್ರೂ ಕೂತಿರ್ತೀನಿ."

ಕಂಪನಿಯ ಕಚೇರಿ ಮಹಡಿಯ ಮೇಲೆ. ಕೆಳಗೆ ಟಿಕೆಟ್ ಕೌಂಟರು. ದ್ವೀಪದ ಮೇಲೆ ಮಂಜು ಮುಸುಕಿ ಎರಡು ವಿಮಾನ ಹೊರಟಿರಲಿಲ್ಲ. ಪ್ರಯಾಣಿಕರು ಕೌಂಟರನ್ನು ಮುತ್ತಿಕೊಂಡಿದ್ದರು, ಗುಮಾಸ್ತ ಮೇಜಿನ ಕೆಳಗೆ ಬಿದ್ದ ಪೆನ್ನನ್ನು ಬಹಳ ಹೊತ್ತಿನಿಂದ ಹುಡುಕುತ್ತಿದ್ದ. ಸೊಸೆ ಗದ್ದಲ ದಾಟಿ ಮೇಲೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತಳು. ಯಜಮಾನರು ಕೆಳಗೆ ಹೋಗಿದ್ದಾರೆಂದು ತಿಳಿಯಿತು. ಹನ್ನೊಂದಾಯಿತು, ಹನ್ನೆರಡಾಯಿತು. ಗದ್ದಲ ಏರುತ್ತಲೇ ಹೋಗಿ, ಇದ್ದಕ್ಕಿದ್ದ ಹಾಗೆ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಯಜಮಾನರು ಬೆವರೊರೆಸಿಕೊಳ್ಳುತ್ತ ಬಂದರು. ಮುಖದಲ್ಲಿ ಹಬ್ಬದ ಕಳೆ.

"ನಮಸ್ಕಾರ ಸಾರ್," ಎಂದಳು ಸೊಸೆ. ಸರಿಯಾಗಿಯೇ ಬಂತು.

ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಗಾಳಿಯಲ್ಲಿ ಎಂಜಿನ್ನು ನಿಂತರೆ ಏನು ಮಾಡುತ್ತೀರಿ ಎಂದಾಗ, "ಇಳಿಯೋ ಜಾಗ ಮೊದಲೇ ನೋಡಿಟ್ಕೊಂಡಿರ್ತೀನಿ ಸಾರ್. ಹಳೇ ಎಂಜಿನ್ನು, ಅದರ ಮೇಲೆ ನಂಬಿಕೆ ಇಟ್ಟಿಲ್ಲ," ಎಂದಳು. ಯಜಮಾನರು ತಲೆದೂಗಿದರು.

"ಈ ಗಾಳಿಯಲ್ಲಿ ನೀವು ಇಳಿಸಿದ್ದನ್ನ ಕೆಳಗಿಂದ ನೋಡ್ದೆ. ನಿಮ್ಮನ್ನ ತಗೊಂಡ ಹಾಗೇ. ಒಂದೇ ಷರತ್ತು, ಟ್ರೈನಿಗಳು ಒಂದು ವರ್ಷ ದ್ವೀಪದಲ್ಲೇ ಉಳೀಬೇಕು. ಮೊದಲ ವಿಮಾನ ಅಲ್ಲಿಂದಲೇ ಹೊರಡೋದು."

"ಉಳೀತೀನಿ ಸಾರ್. ನಮ್ಮನೆಯವರು ಬೇಡ ಅನ್ನಲ್ಲ."

"ಹಾಗಾದ್ರೆ ಆಯ್ತು." ಅವರು ಕುರ್ಚಿಗೆ ಒರಗಿದರು. "ಇವತ್ತು ನನ್ನ ಅದೃಷ್ಟ ಖುಲಾಯಿಸಿದೆ ಮೇಡಂ. ಕೌಂಟರಿಗೆ ಗಟ್ಟಿ ಮನುಷ್ಯ ಬೇಕು ಅಂತ ಎಷ್ಟು ದಿನದಿಂದ ಹುಡುಕ್ತಿದ್ದೆ. ಈಗ ಕೆಳಗೆ ಯಾರೋ ಹಿರಿಯರು ಬೆಂಚಿಂದ ಎದ್ದು ಬಂದ್ರು. ಎರಡೇ ಮಾತು. ಅಷ್ಟೂ ಜನ ಸಾಲಾಗಿ ನಿಂತ್ರು. ಜಗಳಕ್ಕೆ ಬಂದವನ ಕೈಲೇ ಮಿಕ್ಕವರ ಸಾಮಾನು ಎತ್ತಿಸಿದ್ರು. ಅಲ್ಲೇ ಕೆಲಸ ಕೊಟ್ಟುಬಿಟ್ಟೆ."

ಸೊಸೆಯ ಮುಖದ ನಗು ಇದ್ದಲ್ಲೇ ಗಟ್ಟಿಯಾಯಿತು.

"ಕೊಲ್ಲಿ ಆಚೆ ಮನೆಯಂತೆ. ದಿನಾ ಬರೋದು ಹೇಗೆ ಅಂದೆ. 'ಮನೇಲಿ ವಿಮಾನ ಇದೆ, ಡ್ರೈವರ್ ಇದ್ದಾಳೆ' ಅಂದ್ರು. ಅಂಥ ಸಿರಿವಂತರು, ಎಷ್ಟು ಸರಳ ನೋಡಿ."

ಬಾಗಿಲು ತೆರೆಯಿತು. ಎದೆಯ ಮೇಲೆ ಕಂಪನಿಯ ಬಿಲ್ಲೆ ಸಿಕ್ಕಿಸಿಕೊಂಡ ಮಾವ ನಿಂತಿದ್ದರು.

"ಓ, ಇಲ್ಲೇ ಇದ್ದೀಯಾ. ಸಾರ್, ನಾನು ಹೇಳಿದ್ದು ಇವಳನ್ನೇ. ನಮ್ಮ ಸೊಸೆ."

ಯಜಮಾನರು ಮಾವನನ್ನು ನೋಡಿದರು, ಸೊಸೆಯನ್ನು ನೋಡಿದರು. "ಇವರನ್ನ ಕೆಲಸಕ್ಕೆ ತಗೊಂಡಿದ್ದೀನಿ, ಒಂದು ವರ್ಷ ದ್ವೀಪದಲ್ಲೇ ಇರ್ತಾರೆ. ನೀವು ಬರೋದು ಹೇಗೆ?"

"ಬರೋಕಾಗಲ್ಲ," ಎಂದರು ಮಾವ. ವಿಷಯ ತಿಳಿದ ಮೇಲೆ ಅವರ ಮುಖ ಸಣ್ಣದಾಯಿತು. "ಹಾಗಾದ್ರೆ ನಂಗೆ ಬೇಡ ಸಾರ್. ಹುಡುಗಿ ಸೈಟು ಮಾರ್ಕೊಂಡು ಕಲೀತಿದ್ದಾಳೆ." ಬಿಲ್ಲೆಗೆ ಕೈ ಹಾಕಿದರು. ಅದರ ಪಿನ್ನು ಬಿಚ್ಚಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಸೊಸೆ ನೋಡುತ್ತಿದ್ದಳು. ನಿವೃತ್ತಿಯಾದ ಮೇಲೆ ಈ ಮನುಷ್ಯ ಇಡೀ ದಿನ ಜಗಲಿಯಲ್ಲಿ ಕೂತು, ಬೀದಿಯಲ್ಲಿ ಹೋಗುವ ಬಸ್ಸುಗಳನ್ನು ಬೈಯುವುದನ್ನು ಕಂಡಿದ್ದಳು. ಅವರ ಬೆನ್ನು ಇಷ್ಟು ನೆಟ್ಟಗಿದ್ದದ್ದನ್ನು ಮಾತ್ರ ಇದೇ ಮೊದಲು ನೋಡಿದ್ದು.

"ಹಾಕ್ಕೊಳಿ ಮಾವ," ಎಂದಳು. "ನಾನು ಬೇರೆ ಕಡೆ..."

ಮಾತು ಮುಗಿಯುವ ಮೊದಲೇ ಬಿಲ್ಲೆ ಸ್ವಸ್ಥಾನಕ್ಕೆ ಮರಳಿತ್ತು. ಕೆಳಗೆ ಮತ್ತೆ ಗದ್ದಲ ಎದ್ದಿತು. ಯಜಮಾನರು ಗಾಬರಿಯಿಂದ ಮೇಲೆದ್ದು, "ಪೈಲಟ್‌ಗಳು ಸಿಗ್ತಾರೆ ಮೇಡಂ, ದಯವಿಟ್ಟು ತಪ್ಪು ತಿಳೀಬೇಡಿ," ಎನ್ನುತ್ತ ಮಾವನನ್ನು ಕೈಹಿಡಿದು ಮೆಟ್ಟಿಲಿಳಿಸಿದರು.

ಸಂಜೆ ವಾಪಸು ಹೊರಟಾಗ ಸೊಸೆ ಬೆಲ್ಟು ಬಿಗಿದುಕೊಂಡು, ಮುಂದಿನ ಮೀಟರುಗಳ ಮುಳ್ಳುಗಳ ಮೇಲೆ ಕಣ್ಣಿಟ್ಟೇ ಹೇಳಿದಳು: "ನಾನು ಬಿಡೋಳಲ್ಲ ಮಾವ. ಉತ್ತರದ ಕಡೆ ಇನ್ನೊಂದು ಕಂಪನಿ ಇದೆ. ನಾಳೆಯೇ ಹೋಗಿ ಕೇಳ್ತೀನಿ."

"ಕೇಳ್ಬೇಕು ಮತ್ತೆ," ಎಂದರು ಮಾವ ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸುತ್ತ. "ಆದರೆ ಭಾನುವಾರ ಇಟ್ಕೊಮ್ಮ. ಮಿಕ್ಕ ದಿನ ನೀನು ಡ್ಯೂಟಿ ಮೇಲಿರ್ತೀಯ."