ಬಿಸಿಲಿಗೆ ಹಚ್ಚಿಕೊಂಡವರು

ಹಾನಗಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಔಷಧಿ ಅಂಗಡಿ. ಬೇಸಿಗೆ ಬಂತೆಂದರೆ ಜ್ವರದವರಿಗಿಂತ ಬಿಸಿಲಿನವರೇ ಹೆಚ್ಚು. ಸನ್‌ಸ್ಕ್ರೀನ್ ಕೇಳಲು ಬಂದವರು ಮನೆಯ ಸುದ್ದಿಯನ್ನೂ ಕೌಂಟರಿನ ಮೇಲೆ ಇಟ್ಟೇ ಹೋಗುತ್ತಾರೆ. ನಾನು ಕೇಳಿರುವುದಿಲ್ಲ, ಆದರೂ ಹೇಳುತ್ತಾರೆ.

ಒಂದೇ ಕೈ

ಶಿಗ್ಗಾಂವಿ ಕಡೆ ಬಸ್ ಓಡಿಸುವ ಡ್ರೈವರ್ ಒಬ್ಬ ಬಂದ.

“ಅಕ್ಕಾರ, ಬಿಸಲಿಗೆ ಹಚ್ಚೂದು ಕೊಡ್ರಿ. ಒಂದ ಕೈಗೆ ಸಾಕಾಗುವಷ್ಟು.”

“ಒಂದ ಕೈಗೆ ಯಾಕ್ರಿ?”

ಎರಡೂ ಕೈ ಕೌಂಟರಿನ ಮೇಲಿಟ್ಟ. ಎಡಗೈ ಗೋಧಿ ಬಣ್ಣ. ಕಿಟಕಿ ಕಡೆಯ ಬಲಗೈ ಎರೆಮಣ್ಣಿನಂತೆ ಕಪ್ಪು.

“ವಾರಕ್ಕೊಮ್ಮೆ ಹುಲಗೂರಿಗೆ ಮನೀಗೆ ಹೋಗ್ತೇನ್ರಿ. ಸಣ್ಣ ಮಗಳು ಎಡಗೈ ಅಷ್ಟ ಹಿಡ್ಕೊಂಡು ಮಲಗ್ತಾಳ. ಬಲಗೈ ಮುಟ್ಟಿಸಿದ್ರ ‘ಇದು ಅಪ್ಪಂದಲ್ಲ’ ಅಂತಾಳ. ವಾರಾಪೂರ್ತಿ ಆಕಿ ನೆನಪಿನಾಗ ಗಾಡಿ ಹೊಡೀತೇನಿ, ಹೋದ್ರ ಅರ್ಧಾ ಅಪ್ಪ ಅಷ್ಟ ಆಗ್ತೇನ್ರಿ.”

ಮುಖ, ಕುತ್ತಿಗೆ, ಎರಡೂ ಕೈಗೆ ಹಚ್ಚಿ, ಮೇಲೆ ತುಂಬುತೋಳಿನ ಅಂಗಿ ಹಾಕಿಕೊಳ್ಳಲು ಹೇಳಿ ಕಳಿಸಿದೆ. ಮಳೆಗಾಲದ ಹೊತ್ತಿಗೆ ಮತ್ತೆ ಬಂದ. ಬಲಗೈ ಸ್ವಲ್ಪ ತಿಳಿಯಾಗಿತ್ತು.

“ಮಗಳು ಏನಂತಾಳ್ರಿ?”

“ಈಗ ಎರಡೂ ಕೈ ಹಿಡ್ಕೊಂಡು ಮಲಗ್ತಾಳ್ರಿ. ಸೊಳ್ಳಿ ಹೊಡ್ಯಾಕ ಒಂದೂ ಉಳಿದಿಲ್ಲ.”

ಫೋನಿನ ಬಣ್ಣ

ಮೆಣಸಿನಕಾಯಿ ಹೊಲಕ್ಕೆ ಹೋಗುವ ಹುಡುಗಿಯೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದಳು. ಸರಿಸಿದರೆ ಕೆನ್ನೆಯೆಲ್ಲ ಕೆಂಪಾಗಿ ಸಿಪ್ಪೆ ಎದ್ದಿತ್ತು. ಸವಣೂರಿನ ಸಂತೆಯಲ್ಲಿ ಕೊಂಡ ಕ್ರೀಮಿನ ಡಬ್ಬಿ ತೋರಿಸಿದಳು. ಅದರ ಮೇಲೆ ಹೆಸರಿಲ್ಲ, ಒಳಗೇನಿದೆ ಎಂದು ಬರೆದಿಲ್ಲ.

“ಇದನ್ನ ಯಾಕ ಹಚ್ಚಿದಿ ತಂಗಿ?”

“ಮದುವಿ ನಿಶ್ಚಯ ಆಗಿ ಅವರು ಗೋವಾಕ್ಕ ಕೆಲಸಕ್ಕ ಹೋಗ್ಯಾರ್ರಿ. ದಿನಾ ಫೋನಿನ್ಯಾಗ ನೋಡ್ತಾರ. ಅದರಾಗ ನಾ ಭಾಳ ಬೆಳ್ಳಗ ಕಾಣ್ತೇನಿ. ಅವರು ಬಂದಾಗ ಹಂಗ ಕಾಣಬೇಕಲ್ರಿ.” ದನಿ ಸಣ್ಣದಾಯಿತು. “ಯಾವಾಗ ಬರ್ತಾರೋ ಗೊತ್ತಿಲ್ಲ.”

ಆ ಡಬ್ಬಿಯದನ್ನು ಹಚ್ಚುವುದು ಬಿಡಿಸಿ, ಮೊದಲು ಚರ್ಮದ ಡಾಕ್ಟರಿಗೆ ತೋರಿಸಲು ಹೇಳಿದೆ. ಗಾಯ ಮಾಗಿದ ಮೇಲೆ ಹಚ್ಚಲು ವಾಸನೆಯಿಲ್ಲದ ಸನ್‌ಸ್ಕ್ರೀನ್ ತೋರಿಸಿದೆ.

“ಇದು ಬೆಳ್ಳಗ ಮಾಡ್ತೈತೇನ್ರಿ?”

“ಇಲ್ಲವಾ. ಬಿಸಲಿಗೆ ಸುಡದಂಗ ಕಾಯ್ತೈತಿ. ನೀ ಈಗ ಹೆಂಗ ಅದಿ, ಹಂಗ ಇರ್ತಿ.”

ಅವಳು ಟ್ಯೂಬನ್ನು ತಿರುಗಿಸಿ ನೋಡಿದಳು.

“ಇದ್ದಂಗ ಇರಾಕ ರೊಕ್ಕ ಯಾಕ ಕೊಡಬೇಕ್ರಿ?”

ಆಟದ ಮಾಸ್ತರರು

ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷವಾಯಿತು. ಅಕ್ಕಿಆಲೂರಿನ ಶಾಲೆಯಲ್ಲಿ ಆಟದ ಮಾಸ್ತರರಾಗಿದ್ದರು. ಮೈದಾನದ ಬಿಸಿಲಿನಲ್ಲಿ ಸೀಟಿ ಊದಿ ಊದಿ ಮೂಗಿನ ತುದಿ ಸುಲಿದಿರುತ್ತಿತ್ತು. ನಾನು ಇಡೀ ತಾಲೂಕಿಗೆ ಸನ್‌ಸ್ಕ್ರೀನ್ ಮಾರುವವಳು, ನನ್ನ ಗಂಡನಿಗೆ ಮಾತ್ರ ಹಚ್ಚಿಸಲಾಗಲಿಲ್ಲ. “ಅದು ಹೆಣ್ಮಕ್ಕಳ ಸಾಮಾನು” ಅನ್ನುತ್ತಿದ್ದರು. ಒಮ್ಮೆ ಮಾತ್ರ, ಮೂಗು ಉರಿದು ರಾತ್ರಿ ನಿದ್ದೆ ಬಾರದಾಗ, ಒಪ್ಪಿದರು.

ಅವರದು ಬೇಗ ತುರಿಸುವ ಚರ್ಮ. ಅದಕ್ಕೇ ಸತುವಿನ ಸನ್‌ಸ್ಕ್ರೀನ್ ಕೊಟ್ಟೆ. ಅದು ಚರ್ಮದ ಮೇಲೆ ಬೆಳ್ಳಗೆ ಕೂರುತ್ತದೆ, ಚೆನ್ನಾಗಿ ತಿಕ್ಕಬೇಕು. ಅದೊಂದನ್ನು ಹೇಳುವುದು ಮರೆತೆ. “ಧಾರಾಳ ಹಚ್ಕೊಳ್ರಿ, ಎರಡು ತಾಸಿಗೊಮ್ಮೆ ಮತ್ತ ಹಚ್ರಿ” ಎಂದಷ್ಟೇ ಹೇಳಿದ್ದೆ.

ಸಂಜೆ ಬಾಗಿಲಲ್ಲಿ ನಿಂತಿದ್ದರು. ಸುಣ್ಣ ಬಳಿದ ಗೋಡೆಗೆ ಕಣ್ಣು ಮೂಡಿದಂತಿತ್ತು.

“ಹೆಡ್‌ಮಾಸ್ತರ್ರು ‘ಗ್ಯಾದರಿಂಗ್ ನಾಟಕ ಮುಂದಿನ ತಿಂಗಳ ಅಲ್ಲೇನ್ರಿ, ಇವತ್ತ ವೇಷ ಹಾಕ್ಕೊಂಡ ಬಂದೀರಿ’ ಅಂದ್ರು,” ಎಂದರು. “ಬಸ್ಸಿನ್ಯಾಗ ಬಾಜೂಕ ಯಾರೂ ಕುಂಡ್ರಲಿಲ್ಲ.”

ನಾನು ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು, ಕೆನ್ನೆಯ ಬಿಳಿ ಬಿರುಕು ಬಿಟ್ಟಿತು. ಆ ಮುಖವನ್ನು ಇನ್ನೊಂದೇ ಸಲ ಬಾಗಿಲಲ್ಲಿ ನೋಡಬೇಕೆಂದು ಈಗಲೂ ಎಷ್ಟೋ ಸಂಜೆ ಅನ್ನಿಸುತ್ತದೆ.

“ಅಲ್ರಿ, ಒರಸ್ಕೊಂಡು ಬರಬಾರದಾ?” ಎಂದೆ.

ಅವರು ಗಂಭೀರವಾಗಿ ಹೇಳಿದರು: “ಹಚ್ಚು ಅಂದಿದ್ದಿ. ಒರಸು ಅಂದಿದ್ದಿಲ್ಲಲ್ಲ.”