ಬೇಲಿಯೊಳಗಿನ ಸೊಪ್ಪು

ಆ ದಿನದ ಅನಾಹುತಕ್ಕೆಲ್ಲ ಕಾರಣ ತಿಮ್ಮರಾಯಪ್ಪನವರು ಹೆಂಡತಿಗೆ ಹೇಳಿದ ಒಂದು ಮಾತು. "ನೀವು ಹೆಂಗಸರು ಮುಂಚೆ ಹೋಗಿ ಬೇಲಿಯೊಳಗೆ ಸ್ವಲ್ಪ ಚೊಕ್ಕಟ ಮಾಡಿ. ದೊಡ್ಡ ಮನುಷ್ಯರು ಬರ್ತಾರೆ." ಅವರ ಮನಸ್ಸಿನಲ್ಲಿದ್ದದ್ದು ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಚೀಲಗಳು. ಕಾವೇರಮ್ಮನಾದರೋ ಮಂಡ್ಯದ ಕಡೆಯ ರೈತರ ಮಗಳು. ಚೊಕ್ಕಟ ಅಂದರೆ ಆಕೆಗೆ ಮೊದಲು ನೆನಪಾಗುವುದು ಕಳೆ.

ತಿಮ್ಮರಾಯಪ್ಪನವರು ವಾರವೆಲ್ಲ ತೈಲ ಕಂಪನಿಯಲ್ಲಿ ಇಂಜಿನಿಯರ್, ರಜೆಯ ದಿನ 'ಮರಳು-ಹಸಿರು ಬಳಗ'ದ ಅಧ್ಯಕ್ಷರು. ಕುವೈತಿನ ಕನ್ನಡ ಮಕ್ಕಳಿಗೆ ಮರುಭೂಮಿಯ ಗಿಡ, ಹಕ್ಕಿಗಳನ್ನು ತೋರಿಸುವುದು, ಒಂದು ತುಂಡು ನೆಲವನ್ನು ಜೋಪಾನ ಮಾಡುವುದು ಬಳಗದ ಕೆಲಸ. ಆ ನೆಲ ಊರಾಚೆಯ ವಫ್ರಾದಲ್ಲಿ ಅಬೂ ಸಾಲಿಂ ಎಂಬ ಕುವೈತಿ ಹಿರಿಯರ ತೋಟದ ಮೂಲೆ. ಒಂಟೆಗಳು ತುಳಿದು, ಮೇಯ್ದು ಬೋಳಾಗಿತ್ತು. ಬೇಲಿ ಹಾಕಿ ಕಾದರೆ ಕಾಡುಗಿಡ ತಾನಾಗಿ ಮರಳಿ ಬರುತ್ತದೆಂದು ಅಧ್ಯಕ್ಷರು ಮಾತು ಕೊಟ್ಟಿದ್ದರು. ಬಂದರೆ ಜಾಗ ಬಳಗಕ್ಕೆ, ಬರದಿದ್ದರೆ ಮತ್ತೆ ಒಂಟೆಗಳಿಗೆ. ಅದನ್ನು ನೋಡಲು ತೋಟದ ಯಜಮಾನರು ಇಂದು ಶುಕ್ರವಾರದ ನಮಾಜು ಮುಗಿಸಿ ಬರುವವರಿದ್ದರು. ಈ ಸಲದ ಮಳೆಗೆ ಬೇಲಿಯೊಳಗೆ ಮೊಣಕಾಲುದ್ದ ಹಸಿರು ನಿಂತಿತ್ತು. ಅಧ್ಯಕ್ಷರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ತೋಟ ಮುಟ್ಟಿದಾಗ ಕಾಲು ನೆಲಕ್ಕೆ ಬಂತು. ಬೇಲಿಯೊಳಗೆ ಒಂದು ಎಲೆಯೂ ಉಳಿದಿರಲಿಲ್ಲ. ನೆಲ ಗುಡಿಸಿ, ನೀರು ಚಿಮುಕಿಸಿ, ನಡುವೆ ಒಂದು ರಂಗೋಲಿಯನ್ನೂ ಎಳೆದಿದ್ದರು.

"ಕಾವೇರಿ, ಇಲ್ಲಿದ್ದ ಗಿಡ?"

"ಆ ಕಳೆನಾ? ಎಳೇ ಸೊಪ್ಪು ಕಣ್ರೀ, ಬಿಸಾಕಕ್ಕೆ ಮನ್ಸು ಬರ್ನಿಲ್ಲ. ತೋಟದ ಕಾವಲಿನವನೂ ಇದನ್ನೇ ಬೇಯಿಸ್ಕೊಂಡು ತಿಂತಾನಂತೆ. ಮಸ್ಸೊಪ್ಪು ಮಾಡ್ಬುಟ್ಟೆ."

ಒಲೆಯ ಮೇಲೆ ದೊಡ್ಡ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ 'ಎಲೆ ಕೀಳಬಾರದು' ಎಂಬ ಬಳಗದ ಹಲಗೆ ಅಂಗಾತ ಮಲಗಿತ್ತು. ಸೊಪ್ಪು ಹೆಚ್ಚಿದ್ದು ಅದರ ಮೇಲೆಯೇ. ಎಗೈಲಾದ ತಮ್ಮ ಮನೆಯಲ್ಲಿ ಕಾಡುಗಿಡಗಳ ಬಗ್ಗೆ ಅಧ್ಯಕ್ಷರು ಅದೆಷ್ಟು ಭಾಷಣ ಮಾಡಿದ್ದರೋ. ಆಗೆಲ್ಲ ಕಾವೇರಮ್ಮ ಒಳಗೆ ಸದಸ್ಯರಿಗೆ ಕಾಫಿ ಸೋಸುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರುವುದು?

ಕಾರ್ಯದರ್ಶಿ ಸೆಡ್ರಿಕ್ ಇನ್ನೂ ಫಹಾಹೀಲ್ ಪೇಟೆಯಲ್ಲಿದ್ದ. ಮಂಗಳೂರಿನವ, ಯಾವುದಕ್ಕೂ ಇಲ್ಲ ಎನ್ನದ ಆಸಾಮಿ. ಹಸಿರಾಗಿರುವುದೇನಿದ್ದರೂ ತರಬೇಕೆಂದು ಅಧ್ಯಕ್ಷರು ಫೋನಿನಲ್ಲಿ ಅಂಗಲಾಚಿದರು. ನರ್ಸರಿ ಮುಚ್ಚಿತ್ತು. ಅವನು ಮಾರ್ಕೆಟ್ಟಿನಿಂದ ಕೊತ್ತಂಬರಿ, ಸಬ್ಬಸಿಗೆ, ಪಾಲಕ್ ಕಟ್ಟುಗಳನ್ನೇ ಡಿಕ್ಕಿ ತುಂಬ ತಂದ. ಇಬ್ಬರೂ ಮಂಡಿಯೂರಿ ಮರಳಿನಲ್ಲಿ ಒಂದೊಂದೇ ಕಟ್ಟು ಸಿಕ್ಕಿಸುತ್ತ ಬಂದರು. ನಿಸರ್ಗ ಪಾಠಕ್ಕೆ ಬಂದಿದ್ದ ಮಕ್ಕಳು ಬೇಲಿಯ ಸುತ್ತ ನಿಂತು ನೋಡಿದವು. "ಅಂಕಲ್, ದಿಸ್ ಈಸ್ ಕೊತ್ತಂಬರಿ" ಎಂದಿತು ಒಂದು ಮಗು. ಕಲಿಸಿದ ಪಾಠ ಎಂದೂ ವ್ಯರ್ಥವಾಗುವುದಿಲ್ಲ.

ಅಬೂ ಸಾಲಿಂ ಬರುವ ಹೊತ್ತಿಗೆ ಕೊತ್ತಂಬರಿ ತಲೆ ಬಾಗಿಸಿತ್ತು, ಸಬ್ಬಸಿಗೆ ಪೂರ್ತಿ ಮಲಗಿತ್ತು. ಹಿರಿಯರು ನೇರ ಬೇಲಿಯೊಳಗೆ ಹೋಗಿ ಒಂದು ಗಿಡ ಹಿಡಿದರು. ಅದು ಕೈಗೇ ಬಂತು, ರಬ್ಬರ್ ಬ್ಯಾಂಡಿನ ಸಮೇತ. ಅವರು ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡು ಬಂದು ಊಟಕ್ಕೆ ಕೂತರು.

"ಜಾಗ ಖಲಾಸ್, ಸೆಡ್ರಿಕ್."

"ಊಟಕ್ಕೆ ಮೊದಲು ಬೈಯಲಿಲ್ಲ ಅಲ್ವಾ ಸರ್, ಅದೇ ದೊಡ್ಡದು ಮಾರಾಯ್ರೆ."

ಮುದ್ದೆ ಅಗಿಯಬಾರದು, ನುಂಗಬೇಕೆಂದು ಕಾವೇರಮ್ಮ ಕೈಸನ್ನೆಯಲ್ಲೇ ಕಲಿಸಿದರು. ಹಿರಿಯರು ಒಂದು ತುತ್ತು ನುಂಗಿದರು. ಎರಡನೆಯದು ಬಾಯಿಗೆ ಹೋಗಲಿಲ್ಲ, ಕೈ ಅರ್ಧದಲ್ಲೇ ನಿಂತಿತು. ಈ ಸೊಪ್ಪು ಎಲ್ಲಿಯದು ಎಂದು ಅರಬ್ಬಿ ಬೆರೆತ ಹಿಂದಿಯಲ್ಲಿ ಕೇಳಿದರು. ತಿಮ್ಮರಾಯಪ್ಪನವರು ತಲೆತಗ್ಗಿಸಿ ಬೆಳಗಿನಿಂದ ನಡೆದದ್ದನ್ನೆಲ್ಲ ಒಪ್ಪಿಕೊಂಡರು.

ಮುದುಕರ ಕಣ್ಣು ತುಂಬಿತು. ಇದು ಖುಬ್ಬೈಜ ಅನ್ನುವ ಇಲ್ಲಿನ ಕಾಡುಸೊಪ್ಪು. ಮಳೆ ಬಿದ್ದ ಮೇಲೆ ಅವರ ಅಜ್ಜಿ ಇದೇ ಮೂಲೆಯಿಂದ ಆಯ್ದು ತಂದು ಬೇಯಿಸುತ್ತಿದ್ದರಂತೆ. ಆ ರುಚಿ ನಾಲಿಗೆಗೆ ಸಿಕ್ಕದೆ ಒಂದು ಆಯಸ್ಸೇ ಕಳೆದಿತ್ತಂತೆ. ಗಿಡ ಮರಳಿ ಬಂದಿದೆ, ತಟ್ಟೆಯಲ್ಲೇ ಸಾಕ್ಷಿಯಿದೆ ಎಂದರು. ತಾವಿರುವಷ್ಟು ಕಾಲ ಈ ನೆಲ ಬಳಗದ್ದೇ ಎಂದು ಎದ್ದು ನಿಂತು ಅಧ್ಯಕ್ಷರನ್ನು ತಬ್ಬಿಕೊಂಡರು. ಮಕ್ಕಳು ಕೇಕೆ ಹಾಕಿದವು. ತಿಮ್ಮರಾಯಪ್ಪನವರು ಸಂತೋಷ ತಡೆಯಲಾರದೆ ಅತ್ತೇಬಿಟ್ಟರು.

ಕೈ ತೊಳೆಯುತ್ತ ಹಿರಿಯರು ಒಂದೇ ಒಂದು ಷರತ್ತು ಹಾಕಿದರು. ಮುಂದಿನ ಶುಕ್ರವಾರ ಅಣ್ಣತಮ್ಮಂದಿರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಕರೆತರುತ್ತಾರೆ. ಹಸಿರಿರುವಷ್ಟು ದಿನ ಪ್ರತಿ ಶುಕ್ರವಾರವೂ ಇದೇ ಊಟ. ಸೊಪ್ಪು ಮಾತ್ರ ಈ ನೆಲದ್ದೇ ಆಗಬೇಕು. ಅಷ್ಟು ಹೇಳಿ ಬೆರಳಿನ ರಬ್ಬರ್ ಬ್ಯಾಂಡನ್ನು ಬಿಚ್ಚಿ ಅಧ್ಯಕ್ಷರ ಕೈಗಿಟ್ಟು ಕಾರು ಹತ್ತಿದರು.

ತಿಮ್ಮರಾಯಪ್ಪನವರು ಬಾಡಿದ ಕಟ್ಟುಗಳ ನಡುವಿನ ಬೋಳು ನೆಲವನ್ನೂ ರಂಗೋಲಿಯನ್ನೂ ನೋಡುತ್ತ ನಿಂತರು. ಬೇಲಿಯ ಬುಡದಲ್ಲಿ ಇನ್ನೊಂದಿಷ್ಟು ಬೇರು ಉಳಿದಿದೆ, ಅಷ್ಟರಲ್ಲಿ ಚಿಗುರೀತು ಎಂದು ಕಾವೇರಮ್ಮ ಸಮಾಧಾನ ಹೇಳಿದರು.

ಸೆಡ್ರಿಕ್ ಹಲಗೆ ಒರೆಸಿ ತಂದ. "ಸರ್, ಈ 'ಎಲೆ ಕೀಳಬಾರದು' ಎಲ್ಲಿ ನಿಲ್ಲಿಸುವುದು?"

"ಪಾತ್ರೆ ಜೊತೆ ಡಿಕ್ಕಿಗೆ ಹಾಕಪ್ಪ. ಶುಕ್ರವಾರ ಹೆಚ್ಚಕ್ಕೆ ಬೇಕು."