‘ವಿಲ್’ ಎನ್ನಲು ಅಂಜುವ ಮಾಷ್ಟ್ರು

ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲ. ಇದು ಗುಣವೋ ರೋಗವೋ ತಿಳಿಯದು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಎರಡಕ್ಕೂ ಮದ್ದಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಬಂದರಿನ ಐಸ್ ಪ್ಲಾಂಟೊಂದರಲ್ಲಿ ದುಡಿಯುತ್ತ, ರಟ್ಟು ಹರಿದ ಹಳೆಯ ವ್ಯಾಕರಣ ಪುಸ್ತಕದಿಂದ ಇಂಗ್ಲಿಷ್ ಕಲಿತವನು ನಾನು. ಕಲಿತೆ ಎನ್ನುವುದಕ್ಕಿಂತ ಆ ಪುಸ್ತಕದೊಡನೆ ಜಗಳವಾಡಿದೆ ಎಂದರೆ ಹೆಚ್ಚು ಸರಿ. ಅತಿ ದೊಡ್ಡ ಜಗಳ ಕ್ಯಾನ್, ಮೇ, ಮಸ್ಟ್, ವಿಲ್ ಮುಂತಾದ ಸಹಾಯಕ ಕ್ರಿಯಾಪದಗಳ ಅಧ್ಯಾಯದಲ್ಲಿ ನಡೆಯಿತು. ಮುಂದೆ ಖಂಡಿತವಾಗಿ ನಡೆಯುವುದಕ್ಕೆ ‘ವಿಲ್’ ಬಳಸಬೇಕೆಂದು ಅಲ್ಲಿ ಹೇಳಿದೆ. ಹಾಗೆ ಖಂಡಿತವಾಗಿ ನಡೆಯುವಂಥದ್ದು ಈ ಲೋಕದಲ್ಲಿ ಯಾವುದೆಂದು ಬರೆದ ಮಹಾಶಯರು ಹೇಳಿಲ್ಲ. ಅವರು ಕಡಲನ್ನು ಕಂಡಿರಲಾರರು ಎಂಬುದು ನನ್ನ ಅನುಮಾನ.

ನಾನು ಹುಟ್ಟಿದ್ದು ಮೀನಿಗೆ ಹೋಗುವವರ ಮನೆಯಲ್ಲಿ. ನಾಳೆ ಕಡಲಿಗೆ ಇಳಿಯುತ್ತೀರಾ ಎಂದು ಯಾರಾದರೂ ಕೇಳಿದರೆ ನಮ್ಮವರ ಉತ್ತರ ಒಂದೇ: ‘ನೋಡುವ’, ಎಂದರೆ ನೋಡೋಣ. ಹೋಗಿಯೇ ಹೋಗುತ್ತೇನೆ ಎಂದವನನ್ನು ನನ್ನ ಅಜ್ಜಿ ಜಗಲಿಯಲ್ಲೇ ತಡೆದು, ಬಾಯಿ ಮುಕ್ಕಳಿಸಿ ಬಾ ಎನ್ನುತ್ತಿದ್ದರು. ಈ ಸಂಸ್ಕಾರವನ್ನು ನಾನು ಐಸ್ ಪ್ಲಾಂಟಿಗೂ ಒಯ್ದೆ. ‘ನಾಳೆ ಐಸ್ ಸಿಗಬಹುದು’ ಎಂದು ಶುದ್ಧ ಇಂಗ್ಲಿಷಿನಲ್ಲಿ ನಾನು ಬರೆದ ಬೋರ್ಡನ್ನು ನೋಡಿ, ಬೋಟಿನವರು ಸಾಲಾಗಿ ಪಕ್ಕದ ಪ್ಲಾಂಟಿಗೆ ಹೋದರು. ಧಣಿಗಳು ಬೋರ್ಡು ಬರೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಬರೆದದ್ದರಲ್ಲಿ ತಪ್ಪೇನಿತ್ತೆಂದು ನನಗೆ ಇಂದಿಗೂ ಹೊಳೆದಿಲ್ಲ.

ಇಂಥ ನನ್ನ ಬಳಿಗೆ, ಕುಲಶೇಖರದ ನಮ್ಮ ಪಕ್ಕದ ಮನೆಯ ಅಕ್ಷತಾ ಪಾಠಕ್ಕೆ ಬಂದಳು. ತಾಯಿ ಯಶೋದಾ ಮಾರ್ಕೆಟಿನಲ್ಲಿ ಮೀನು ಮಾರುವವರು. ತಂದೆ ಬೋಟಿಗೆ ಹೋಗುವವರು. ಬಿ.ಕಾಂ. ಮುಗಿಸಿದ್ದ ಹುಡುಗಿಗೆ ಬಜಪೆಯ ವಿಮಾನ ನಿಲ್ದಾಣದ ಕೌಂಟರ್ ಕೆಲಸಕ್ಕೆ ಸಂದರ್ಶನವಿತ್ತು. ಮೂರು ವಾರ ಸಂಜೆ ಸಂಜೆ ಜಗಲಿಯಲ್ಲಿ ಕೂರಿಸಿ ಕಲಿಸಿದೆ. ವಿಲ್ ಎನ್ನುವುದು ದೇವರ ಕ್ರಿಯಾಪದ, ಮನುಷ್ಯರಿಗೆ ‘ಮೇ’ ಸಾಕು, ವಿನಯ ಹೆಚ್ಚಿದ್ದರೆ ‘ಮೈಟ್’ ಎಂದೆ. ಅವಳೂ ಅಂಥದ್ದೇ ಮನೆಯಲ್ಲಿ ಬೆಳೆದವಳಾದ್ದರಿಂದ ಕೂಡಲೇ ಒಪ್ಪಿದಳು.

ಸಂದರ್ಶನದಲ್ಲಿ ಹಬ್ಬದ ದಿನವೂ ಡ್ಯೂಟಿಗೆ ಬರುತ್ತೀರಾ ಎಂದು ಕೇಳಿದರಂತೆ. ‘ಐ ಮೇ ಕಮ್, ಸರ್’ ಎಂದಳಂತೆ. ಸಿಟ್ಟಾದ ಪ್ರಯಾಣಿಕರನ್ನು ಸಮಾಧಾನಪಡಿಸಬಲ್ಲಿರಾ ಎಂದದ್ದಕ್ಕೆ ‘ಐ ಮೈಟ್’ ಎಂದಳಂತೆ. ಇನ್ನು ಮೂರನೆಯದನ್ನು ಅವರು ಕೇಳಲಿಲ್ಲ.

ಅಂದು ಸಂಜೆ ಯಶೋದಾ ಮೀನಿನ ಬುಟ್ಟಿಯನ್ನು ಅಂಗಳದಲ್ಲೇ ಇಳಿಸಿ ನೇರ ನನ್ನ ಜಗಲಿಗೆ ಬಂದರು.

“ಮಾಮ, ನೀವು ಎಂತ ಕಲಿಸಿದ್ದು ಅವಳಿಗೆ? ಎಲ್ಲದಕ್ಕೂ ‘ನೋಡುವ’ ಹೇಳಿ ಬಂದಿದ್ದಾಳೆ.”

ಹುಡುಗಿ ಸುಳ್ಳಾಡಲಿಲ್ಲವಲ್ಲ ಎಂದೆ.

“ನೋಡುವ ಹೇಳ್ಲಿಕ್ಕೆ ಅವಳ ಅಪ್ಪ ಉಂಟಲ್ಲ. ಮೂರು ವರ್ಷದಿಂದ ಎಂತ ಕೇಳಿದ್ರೂ ‘ಬರುವ ಸೀಸನ್ನಿಗೆ ನೋಡುವ’ ಹೇಳ್ತಾರೆ. ಮನೆಯಲ್ಲಿ ಒಬ್ಬರಾದರೂ ‘ಆಗ್ತದೆ’ ಹೇಳ್ಬೇಕಲ್ಲ ಮಾಮ.”

ವ್ಯಾಕರಣಕಾರರಿಗೆ ಕೊಡಲು ನನ್ನಲ್ಲಿ ನೂರು ಉತ್ತರಗಳಿದ್ದವು. ಯಶೋದಾ ಬುಟ್ಟಿ ಎತ್ತಿಕೊಂಡು ಹೋದ ಮೇಲೆ ಆ ಹಳೆಯ ಪುಸ್ತಕ ತೆಗೆದು ‘ವಿಲ್’ ಇರುವ ಪುಟವನ್ನು ಮತ್ತೊಮ್ಮೆ ಓದಿದೆ.

ಪುಣ್ಯಕ್ಕೆ ತಿಂಗಳೊಳಗೆ ಅದೇ ಕೆಲಸಕ್ಕೆ ಮತ್ತೆ ಸಂದರ್ಶನ ಕರೆದರು. ನಾನು ಹಟ ಬಿಟ್ಟು ಅವಳಿಗೆ ‘ವಿಲ್’ ಕಲಿಸಲು ಕುಳಿತೆ. ‘ಐ ವಿಲ್ ಕಮ್’ ಎಂದು ನಾನೇ ಮೊದಲು ಗಟ್ಟಿಯಾಗಿ ಹೇಳಬೇಕಾಯಿತು. ಹೇಳಿದಾಗಲೆಲ್ಲ ಯಾರೋ ಕೇಳಿಸಿಕೊಂಡಾರು ಎಂಬಂತೆ ಸುತ್ತ ನೋಡುತ್ತಿದ್ದೆ. ಅಂತೂ ಅಕ್ಷತಾಳಿಗೆ ಕೆಲಸ ಸಿಕ್ಕಿತು. ಯಶೋದಾ ಒಳ್ಳೆಯ ಅಂಜಲ್ ಮೀನು ತಂದುಕೊಟ್ಟರು. ಬೇಡ ಎನ್ನಲಿಲ್ಲ, ಗುರುವಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ಎರಡು ದಿನ ಉಂಡೆ.

ಮೂರನೆಯ ದಿನ, ಅವಳು ಜಗಲಿಯಲ್ಲಿ ಬಿಟ್ಟುಹೋಗಿದ್ದ ನೋಟುಬುಕ್ಕನ್ನು ನನ್ನ ಪಾಠಗಳನ್ನು ನೋಡಿ ಹಿಗ್ಗೋಣವೆಂದು ತೆರೆದೆ. ಹಿಂದಿನ ಹಾಳೆಗಳಲ್ಲಿ ವಿಲ್, ಕ್ಯಾನ್ ಎಂದು ಪುಟಗಟ್ಟಲೆ ವಾಕ್ಯಗಳಿದ್ದವು. ಯಾರೋ ಕೆಂಪು ಶಾಯಿಯಲ್ಲಿ ತಿದ್ದಿದ್ದರು. ಆ ಅಕ್ಷರ ನನ್ನದಲ್ಲ. ಸಂಜೆ ಅವಳನ್ನು ಕೇಳಿದೆ. ಬಲ್ಮಠದಲ್ಲೊಂದು ಕೋಚಿಂಗ್ ತರಗತಿಗೆ ಬೆಳಗ್ಗೆ ಹೋಗುತ್ತಿದ್ದೆನೆಂದು ತಲೆ ತಗ್ಗಿಸಿ ಹೇಳಿದಳು.

“ನೀವು ವಿಲ್ ಹೇಳುವಾಗ ನಿಮ್ಮ ಸ್ವರ ನಡುಗ್ತದೆ, ಅಜ್ಜ. ಅದು ನನಗೂ ಬಂದರೆ ಅಂತ ಹೆದರಿಕೆ ಆಯ್ತು.”

“ಮತ್ತೆ ಸಂಜೆ ಇಲ್ಲಿಗೆ ಯಾಕೆ ಬರ್ತಿದ್ದೆ?”

“ನಾನು ಬರದಿದ್ದರೆ ನೀವು ಯಾರಿಗೆ ಕಲಿಸುವುದು?”

ಐವತ್ತು ವರ್ಷ ವ್ಯಾಕರಣವನ್ನು ಸಂಶಯಿಸಿದ ನಾನು, ಆ ಜಗಲಿಯಲ್ಲಿ ಯಾರು ಯಾರಿಗಾಗಿ ಕುಳಿತಿದ್ದರು ಎಂಬುದನ್ನು ಒಂದು ದಿನವೂ ಸಂಶಯಿಸಿರಲಿಲ್ಲ. ಈಗಲೂ ಡ್ಯೂಟಿ ಮುಗಿಸಿದ ಸಂಜೆ ಅವಳು ಯೂನಿಫಾರ್ಮಿನಲ್ಲೇ ಬಂದು ಅರ್ಧ ಗಂಟೆ ಕೂರುತ್ತಾಳೆ. ‘ಶುಡ್’ ನಡೆಯುತ್ತಿದೆ. ಅವಳಿಗೆ ಇದು ಬೇಕೇ ಎಂದು ನಾನು ಕೇಳಿಲ್ಲ. ಅಧ್ಯಾಯ ಬೇಗ ಮುಗಿದುಹೋಗದಂತೆ ಒಂದೊಂದು ವಾಕ್ಯವನ್ನೂ ಎರಡೆರಡು ಸಲ ಬರೆಸುತ್ತಿದ್ದೇನೆ.